ಸ್ತನ ಕ್ಯಾನ್ಸರ್ ಆದ ಮೇಲೆ ಮಗು ಆಗುತ್ತಾ?

40 ದಾಟದ ಹೆಣ್ಣುಮಕ್ಕಳಿಗೆ ಸ್ತನ ಕ್ಯಾನ್ಸರ್ ಚಿಕಿತ್ಸೆ ಕೊಡುವ ನನಗೆ ತಪ್ಪದೆ ಎದುರಾಗುವ ಪ್ರಶ್ನೆ: "ಡಾಕ್ಟ್ರೇ, ಮುಂದೆ ನನಗೆ ಮಗು ಆಗುತ್ತಾ?"

ಬಹಳ ಮಂದಿಗೆ ಆಗುತ್ತದೆ. ತೊಂದರೆ ಏನೆಂದರೆ, ಈ ಪ್ರಶ್ನೆ ಬರುವ ಹೊತ್ತಿಗೆ ಎಷ್ಟೋ ಸಲ ಕೀಮೋ ಶುರುವಾಗಿ ಹೋಗಿರುತ್ತದೆ. ಕೇಳಬೇಕಾದದ್ದು ಬಯಾಪ್ಸಿ ವರದಿ ಬಂದ ವಾರವೇ. ಆ ವಾರ ಬದುಕುತ್ತೇನೋ ಇಲ್ಲವೋ ಎಂಬ ಚಿಂತೆಯಲ್ಲಿರುವವರಿಗೆ ಮಗುವಿನ ಮಾತು ಹೊಳೆಯುವುದಿಲ್ಲ, ನಿಜ. ಅದಕ್ಕೇ ವೈದ್ಯರೇ ಮಾತು ತೆಗೆಯಬೇಕು. ತೆಗೆಯದಿದ್ದರೆ ನಾಚಿಕೆ ಬಿಟ್ಟು ನೀವೇ ಕೇಳಿ, ಮದುವೆ ಆಗಿರಲಿ, ಆಗದಿರಲಿ.

ಅಂಡಾಶಯದಲ್ಲಿರುವ ಅಂಡಗಳ ದಾಸ್ತಾನು ಹುಟ್ಟುವಾಗಲೇ ಬಂದದ್ದು. ಸೈಕ್ಲೋಫಾಸ್ಫಮೈಡ್‌ನಂಥ ಕೀಮೋ ಔಷಧಿಗಳು ಅದನ್ನು ಕಡಿಮೆ ಮಾಡುತ್ತವೆ. 28ರವಳಿಗೆ ಮುಟ್ಟು ಮರಳುವ ಸಾಧ್ಯತೆ 39ರವಳಿಗಿಂತ ಹೆಚ್ಚು. ಮುಟ್ಟು ಮರಳಿತೆಂದ ಮಾತ್ರಕ್ಕೆ ಅಂಡಗಳು ಮೊದಲಿನಷ್ಟೇ ಉಳಿದಿವೆ ಎಂದಲ್ಲ.

ಕೀಮೋಗೆ ಮುಂಚೆ ಅಂಡಗಳನ್ನು ತೆಗೆದು, ಹಾಗೆಯೇ ಇಲ್ಲವೇ ವೀರ್ಯ ಸೇರಿಸಿ ಭ್ರೂಣ ಮಾಡಿ, ಶೀತಲೀಕರಿಸಿ ಇಡಬಹುದು. ಸುಮಾರು ಎರಡು ವಾರದ ಕೆಲಸ. ಹೆಚ್ಚಿನವರಿಗೆ ಅಷ್ಟು ತಡವಾದರೆ ಹಾನಿಯಿಲ್ಲ. ಗಡ್ಡೆ ವೇಗವಾಗಿ ಹರಡುತ್ತಿದ್ದರೆ ಲೆಕ್ಕ ಬೇರೆ. ಒಟ್ಟಿಗೆ ಹಲವು ಅಂಡಗಳು ಬಲಿಯಲೆಂದು ಹಾರ್ಮೋನ್ ಇಂಜೆಕ್ಷನ್ ಕೊಡಬೇಕಾಗುತ್ತದೆ. "ಹಾರ್ಮೋನ್ ಇಂಜೆಕ್ಷನ್ ಕೊಟ್ಟರೆ ಕ್ಯಾನ್ಸರ್ ಬೆಳೆಯಲ್ವಾ?" ಎಂದು ಹೆದರುತ್ತಾರೆ. ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಏರದಂತೆ ಜೊತೆಗೇ ಲೆಟ್ರೊಜೋಲ್ ಮಾತ್ರೆ ಕೊಡುತ್ತೇವೆ. ಕೀಮೋ ನಡೆಯುವಷ್ಟು ಕಾಲ ನಾಲ್ಕು ವಾರಕ್ಕೊಮ್ಮೆ ಗೊಸೆರೆಲಿನ್ ಚುಚ್ಚಿ ಅಂಡಾಶಯವನ್ನು ಮಲಗಿಸುವುದೂ ಉಂಟು. ಅದರಿಂದ ಉಪಯೋಗವಿದೆ, ಆದರೆ ಅಂಡ ಕಾಯ್ದಿಡುವುದಕ್ಕೆ ಅದು ಬದಲಿಯಲ್ಲ.

ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್ ಇದ್ದವರ, ಅಂದರೆ ಹಾರ್ಮೋನ್‌ನಿಂದ ಬೆಳೆಯುವ ಬಗೆಯ ಕ್ಯಾನ್ಸರ್ ಇದ್ದವರ, ಕಥೆ ಇನ್ನೂ ಉದ್ದ. ಅವರು 5ರಿಂದ 10 ವರ್ಷ ಟ್ಯಾಮೊಕ್ಸಿಫೆನ್‌ನಂಥ, ಹಾರ್ಮೋನ್ ತಡೆಯುವ ಮಾತ್ರೆ ತೆಗೆದುಕೊಳ್ಳಬೇಕು. 34ರಲ್ಲಿ ಶುರು ಮಾಡಿದವಳಿಗೆ ಮುಗಿಯುವಾಗ 39, ಇಲ್ಲವೇ 44. ನಡುವೆ ನಿಲ್ಲಿಸಬಹುದೇ? 2023ರಲ್ಲಿ ಪ್ರಕಟವಾದ ಪಾಸಿಟಿವ್ ಎಂಬ ಅಧ್ಯಯನದಲ್ಲಿ 42 ದಾಟದ ಐನೂರಕ್ಕೂ ಹೆಚ್ಚು ಮಹಿಳೆಯರು ಒಂದೂವರೆಯಿಂದ ಎರಡೂವರೆ ವರ್ಷ ಮಾತ್ರೆ ನುಂಗಿ, ಆಮೇಲೆ ಹೆಚ್ಚೆಂದರೆ ಎರಡು ವರ್ಷ ಬಿಡುವು ತೆಗೆದುಕೊಂಡರು. ಮೂರು ವರ್ಷದಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಇವರಲ್ಲಿ ಶೇ. 8.9, ಬಿಡುವು ತೆಗೆದುಕೊಳ್ಳದ, ಹೋಲಿಕೆಗೆ ಆರಿಸಿದ ಗುಂಪಿನಲ್ಲಿ ಶೇ. 9.2. ನಾಲ್ವರಲ್ಲಿ ಮೂವರಷ್ಟು ಮಂದಿ ಗರ್ಭ ಧರಿಸಿದರು. ನಾನು ಇದನ್ನು ಖುಷಿಯಿಂದ ಹೇಳುತ್ತೇನೆ, ಜೊತೆಗೇ ಎಚ್ಚರಿಸುತ್ತೇನೆ: ಈ ಬಗೆಯ ಕ್ಯಾನ್ಸರ್ ಹತ್ತು ವರ್ಷ ಕಳೆದೂ ಮರಳಬಲ್ಲದು, ಮೂರು ವರ್ಷದ ಲೆಕ್ಕ ಕೊನೆಯ ಮಾತಲ್ಲ. ಹೆರಿಗೆಯಾದ ಮೇಲೆ ಮಾತ್ರೆಗೆ ಮರಳಲೇಬೇಕು.

ಟ್ಯಾಮೊಕ್ಸಿಫೆನ್ ನಿಲ್ಲಿಸಿ ಕನಿಷ್ಠ ಮೂರು ತಿಂಗಳು ಕಳೆಯುವ ತನಕ ಗರ್ಭ ನಿಲ್ಲಬಾರದು, ಭ್ರೂಣಕ್ಕೆ ಅಪಾಯ. ಆ ಮಾತ್ರೆ ನುಂಗುವಾಗ ಮುಟ್ಟು ನಿಂತಿದ್ದರೂ ಗರ್ಭ ನಿಲ್ಲಬಹುದು. ಹಾರ್ಮೋನ್ ಇರುವ ಗರ್ಭನಿರೋಧಕ ಬೇಡ, ಕಾಪರ್-ಟಿ ಅಥವಾ ಕಾಂಡೋಮ್ ಸಾಕು.

ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನ್ ದೋಷವಿದ್ದರೆ ಅದು ಮಗುವಿಗೆ ಹೋಗುವ ಸಾಧ್ಯತೆ ಶೇ. 50. ಹಾಗಾಗಿ ಆ ಪರೀಕ್ಷೆಯೂ ಬೇಗ ಆಗಲಿ, ಶಸ್ತ್ರಚಿಕಿತ್ಸೆ ಯಾವುದೆಂದು ತೀರ್ಮಾನಿಸಲೂ ಅದು ಬೇಕು.

ಇನ್ನು ಹಾಲೂಡಿಸುವುದು. ರೇಡಿಯೇಷನ್ ಆದ ಸ್ತನದಲ್ಲಿ ಹಾಲು ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಇನ್ನೊಂದರಿಂದ ಊಡಿಸಬಹುದು, ಮಾತ್ರೆ ಮತ್ತೆ ಶುರುವಾಗುವ ತನಕ.