ಮನೆ ಫೈರ್‌ವಾಲ್ ಲಾಗ್: 14.3 ಅಪ್‌ಗ್ರೇಡು ಎಲ್ಲಾ ಮುಗಿಸಿ ರೀಬೂಟ್ ಆಗ್ದೆ ಕೂತಿದ್ದು

ಫ್ರೀಬಿಎಸ್‌ಡಿ (ಲಿನಕ್ಸ್ ಥರ ಒಂದು ಆಪರೇಟಿಂಗ್ ಸಿಸ್ಟಂ) 14.2ರಿಂದ 14.3ಕ್ಕೆ ಹೋಗೋ ಕೆಲಸ ಅಂತೂ ಆಯ್ತು. ಹೊಸದಾಗಿ ಓದ್ತಿರೋರಿಗೆ: ಮನೆ ನೆಟ್‌ವರ್ಕ್ ಕಾಯೋ ಫೈರ್‌ವಾಲ್ ಅಂದ್ರೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ತಗೊಂಡ ನಾಲ್ಕು ಪೋರ್ಟಿನ ಮಿನಿ ಪಿಸಿ, ಅದ್ರ ಮೇಲೆ ಬರೀ ಫ್ರೀಬಿಎಸ್‌ಡಿ, ಅದ್ರಲ್ಲಿರೋ ಪಿಎಫ್ ಅನ್ನೋ ಫೈರ್‌ವಾಲಿನ ರೂಲ್ಸ್ ಎಲ್ಲಾ ಕೈಯಲ್ಲೇ ಬರ್ದಿದ್ದು. ವೆಬ್ ಪೇಜ್ ಇರೋ ರೆಡಿಮೇಡ್ ಫೈರ್‌ವಾಲ್ ಹಾಕೋದ್ಬಿಟ್ಟು ಇದ್ಯಾಕೆ ಅಂತ ಭಾವ ಈಗ್ಲೂ ಕೇಳ್ತಾರೆ, ನಂಗೆ ಆ ಕಾನ್ಫಿಗ್ ಫೈಲ್ ಓದೋದೇ ಇಷ್ಟ, ಕೊನೇಲಿ ಮ್ಯಾಚ್ ಆದ ರೂಲೇ ಗೆಲ್ಲತ್ತೆ, ಕ್ವಿಕ್ ಅಂತ ಇದ್ರೆ ಮಾತ್ರ ಅಲ್ಲೇ ನಿಲ್ಲತ್ತೆ, ಇಷ್ಟು ನೆನಪಿದ್ರೆ ಮಿಕ್ಕಿದ್ದೆಲ್ಲ ಓದ್ಕೊಂಡು ಹೋಗ್ಬೋದು.

ಅಪ್‌ಗ್ರೇಡಿಗೆ ನಂದೇ ಒಂದು ಶೆಲ್ ಸ್ಕ್ರಿಪ್ಟ್ ಇದೆ. ಮೊದ್ಲು ಝಡ್‌ಎಫ್‌ಎಸ್ ಬೂಟ್ ಎನ್ವಿರಾನ್ಮೆಂಟ್ (ಕೆಟ್ರೆ ವಾಪಸ್ ಹೋಗೋಕೆ ಸಿಸ್ಟಂನ ಈಗಿನ ಪ್ರತಿ) ಒಂದು ಮಾಡಿಟ್ಕೊಳ್ಳತ್ತೆ, ಆಮೇಲೆ ಹೊಸ ಕರ್ನಲ್ (ಸಿಸ್ಟಂನ ತಿರುಳು), ರೀಬೂಟ್. ಎರಡನೇ ಸಲ ಓಡಿಸಿದಾಗ ಯೂಸರ್‌ಲ್ಯಾಂಡ್ (ಕರ್ನಲ್ ಬಿಟ್ಟು ಸಿಸ್ಟಂನ ಮಿಕ್ಕ ಪ್ರೋಗ್ರಾಮುಗಳು), ಪ್ಯಾಕೇಜುಗಳು, ಸರ್ವಿಸ್ ರೀಸ್ಟಾರ್ಟ್, ಕೊನೇಗೆ ಇನ್ನೊಂದು ರೀಬೂಟ್. ಔಟ್‌ಪುಟ್ ಪೂರ್ತಿ ಪೈಪ್ (ಒಂದು ಪ್ರೋಗ್ರಾಮ್ ಬರೆದಿದ್ದನ್ನ ಇನ್ನೊಂದಕ್ಕೆ ಕೊಡೋ ಕೊಳವೆ) ಮೂಲಕ ಟೀ ಕಮಾಂಡಿಗೆ ಹೋಗಿ ಪರದೆ ಮೇಲೂ ಲಾಗ್ ಫೈಲಲ್ಲೂ ಬೀಳತ್ತೆ. ಮೊದಲ್ನೇದು ಸಲೀಸು. ಎರಡನೇದ್ರಲ್ಲಿ ಸರ್ವಿಸೆಲ್ಲ ರೀಸ್ಟಾರ್ಟ್ ಆಯ್ತು ಅಂತ ಲಾಗಲ್ಲಿ ಬಂತು, ಅಷ್ಟೇ, ಅಲ್ಲಿಗೆ ಗಪ್‌ಚುಪ್. ಎರರ್ ಇಲ್ಲ, ಸಿಪಿಯು ಖಾಲಿ, ಡಿಸ್ಕ್ ಲೈಟೂ ಮಿಣುಕಲ್ಲ. ಮನೇಲಿ ಇಂಟರ್ನೆಟ್ಟು ಮಾತ್ರ ಆರಾಮಾಗಿ ಓಡ್ತಿದೆ, ಪಿಎಫ್ ಕೆಲಸ ಕರ್ನಲ್ ಒಳಗೇ ನಡಿಯೋದಲ್ವಾ, ಅದಕ್ಕೆ ಅಪ್‌ಗ್ರೇಡ್ ಸ್ಕ್ರಿಪ್ಟಿನ ಗೋಳು ಗೊತ್ತೇ ಆಗಲ್ಲ.

ಇಲ್ಲಿ ಕಂಟ್ರೋಲ್-ಟಿ ಒತ್ತಿ ನೋಡಿ ಅಂತ ಎಲ್ರಿಗೂ ಹೇಳ್ತೀನಿ, ಲಿನಕ್ಸಿಂದ ಬಂದೋರಿಗೆ ಇದು ಗೊತ್ತಿರಲ್ಲ, ಮುಂದೆ ಓಡ್ತಿರೋ ಪ್ರೋಸೆಸ್ ಯಾವ್ದು, ಯಾವುದಕ್ಕೆ ಕಾಯ್ತಿದೆ ಅಂತ ಒಂದೇ ಸಾಲಲ್ಲಿ ತೋರಿಸತ್ತೆ. ನಂಗೆ ತೋರಿಸಿದ್ದು ಸ್ಲೀಪ್, ಅಂದ್ರೆ ಹೇಳಿದಷ್ಟು ಹೊತ್ತು ಸುಮ್ನೆ ಕಾಯೋ ಕಮಾಂಡು. ಅಪ್‌ಗ್ರೇಡ್ ಸ್ಕ್ರಿಪ್ಟಲ್ಲಿ ಸ್ಲೀಪ್ ಅನ್ನೋದೇ ಇಲ್ವಲ್ಲ! ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದ್ರೆ ಅದೇ ಸ್ಲೀಪ್, ಪಿಐಡಿ (ಪ್ರೋಸೆಸ್ ನಂಬರ್) ಬೇರೆ. ಅಂದ್ರೆ ಎಲ್ಲೋ ಒಂದು ಲೂಪ್ ಸುತ್ತುತಿದೆ. ಇನ್ನೊಂದು ಎಸ್‌ಎಸ್‌ಎಚ್ ಲಾಗಿನ್ ತೆಗೆದು, ಓಡ್ತಿರೋ ಪ್ರೋಸೆಸ್ಸೆಲ್ಲ ತೋರಿಸೋ ಪಿಎಸ್ ಕಮಾಂಡ್ ಹಾಕ್ದೆ, ಸುತ್ತುತಿದ್ದಿದ್ದು ಭಾವ ಬರ್ಕೊಟ್ಟಿದ್ದ ಲೈನ್ ವಾಚ್ ಸ್ಕ್ರಿಪ್ಟು. ಎರಡೂ ಫೈಬರ್ ಲೈನಿಗೆ ಪಿಂಗ್ ಮಾಡಿ, ಒಂದು ಸತ್ರೆ ಡೀಫಾಲ್ಟ್ ರೂಟ್ (ಇಂಟರ್ನೆಟ್ಟಿಗೆ ಹೋಗೋ ದಾರಿ) ಬದಲಾಯಿಸೋದು, 30 ಸೆಕೆಂಡಿಗೊಂದ್ಸಲ. ಸರ್ವಿಸ್ ಫೈಲಲ್ಲಿ ಅದನ್ನ ಕೊನೇಲೊಂದು & ಹಾಕಿ ಬ್ಯಾಕ್‌ಗ್ರೌಂಡಿಗೆ ತಳ್ಳಿದಾರೆ.

ಅಲ್ಲೇ ಇರೋದು ಮಜಾ. & ಹಾಕಿದ್ರೆ ಶೆಲ್ ಕಾಯಲ್ಲ ನಿಜ, ಆದ್ರೆ ಆ ಪ್ರೋಸೆಸ್ಸಿನ ಔಟ್‌ಪುಟ್ ಇನ್ನೂ ಅದೇ ಪೈಪಿಗೆ ಅಂಟ್ಕೊಂಡಿರತ್ತೆ, ಒಂದಕ್ಷರ ಬರೀದಿದ್ರೂ ಸರಿ. ಪೈಪಿನ ಬರೆಯೋ ತುದಿ ಹಿಡ್ಕೊಂಡಿರೋರು ಒಬ್ರಿದ್ರೂ ಟೀಗೆ ಫೈಲ್ ಮುಗೀತು ಅನ್ನೋ ಸೂಚನೆ ಸಿಗಲ್ಲ, ಪಂಕ್ತೀಲಿ ಕೊನೆಯವರು ಏಳೋವರೆಗೂ ಉಳಿದೋರು ಕೂತಿರ್ತಾರಲ್ಲ ಹಂಗೆ. ಟೀ ಮುಗಿದ್ರೆ ತಾನೇ ನಂ ಸ್ಕ್ರಿಪ್ಟ್ ಮುಂದಿನ ಸಾಲಿಗೆ ಹೋಗೋದು. ಎಫ್‌ಸ್ಟ್ಯಾಟಲ್ಲಿ (ಯಾವ ಪ್ರೋಸೆಸ್ ಯಾವ ಫೈಲ್, ಪೈಪ್ ತೆರೆದಿದೆ ಅಂತ ತೋರಿಸೋ ಕಮಾಂಡು) ಎರಡೂ ಕಡೆ ಪೈಪ್ ಅಡ್ರೆಸ್ ತಾಳೆ ನೋಡ್ದೆ, ಕರೆಕ್ಟಾಗಿ ಹೊಂದ್ಕೊಂಡ್ತು. ಬೂಟ್ ಆಗೋವಾಗ ಯಾವತ್ತೂ ಹಿಂಗಾಗಿರ್ಲಿಲ್ಲ, ಯಾಕಂದ್ರೆ ಅಲ್ಲಿ ಔಟ್‌ಪುಟ್ ಹೋಗೋದು ಕನ್ಸೋಲಿಗೆ, ಪೈಪೇ ಇಲ್ಲ.

ಭಾವನ ಸ್ಕ್ರಿಪ್ಟನ್ನ ಕಿಲ್ ಮಾಡ್ದೆ, ಆದ್ರೂ ಟೀ ಅಲ್ಲಾಡ್ಲಿಲ್ಲ. ಯಾಕೆ? ಅದು ಹುಟ್ಟಿಸಿದ ಸ್ಲೀಪ್ ಇನ್ನೂ ಪೈಪ್ ಹಿಡ್ಕೊಂಡಿತ್ತು. ಅದ್ರ ಟೈಮ್ ಮುಗಿದ ತಕ್ಷಣ ಟೀ ಬಿಡ್ತು, ಬಾಕ್ಸ್ ತಾನಾಗೇ ರೀಬೂಟ್ ಆಯ್ತು, ವರ್ಷನ್ ನೋಡಿದ್ರೆ ಕರ್ನಲ್, ಯೂಸರ್‌ಲ್ಯಾಂಡ್ ಎರಡೂ 14.3.

ಫೋನಲ್ಲಿ ಭಾವ "ನೋಹಪ್ ಹಾಕೋ, ಸರಿಹೋಗತ್ತೆ" ಅಂದ್ರು. ಆಗಲ್ಲ ಭಾವ, ಲಾಗೌಟ್ ಆದ್ರೂ ಪ್ರೋಗ್ರಾಮ್ ಓಡ್ಲಿ ಅಂತ ಹಾಕೋ ಈ ನೋಹಪ್ ಔಟ್‌ಪುಟ್ ಬದಲಾಯಿಸೋದು ಅದು ಟರ್ಮಿನಲ್ ಆಗಿದ್ರೆ ಮಾತ್ರ, ಪೈಪ್ ಆದ್ರೆ ಮುಟ್ಟೋದೇ ಇಲ್ಲ. ಫ್ರೀಬಿಎಸ್‌ಡಿ ಜೊತೆಗೇ ಬರೋ ಡೇಮನ್ ಅನ್ನೋ, ಪ್ರೋಗ್ರಾಮನ್ನ ಬ್ಯಾಕ್‌ಗ್ರೌಂಡಿಗೆ ಕಳಿಸೋ ಕಮಾಂಡನ್ನ ಎಫ್ ಆಪ್ಷನ್ ಜೊತೆ ಹಾಕ್ದೆ, ಇನ್‌ಪುಟ್, ಔಟ್‌ಪುಟ್, ಎರರ್ ಮೂರನ್ನೂ ಡೆವ್-ನಲ್‌ಗೆ (ಬಂದಿದ್ದನ್ನೆಲ್ಲ ನುಂಗೋ ಖಾಲಿ ಜಾಗ) ಕಳಿಸತ್ತೆ, ಪಿ ಆಪ್ಷನ್ ಕೊಟ್ರೆ ಪಿಐಡಿ ಫೈಲೂ ಬರ್ಕೊಡತ್ತೆ, ಈ ಸರ್ವಿಸ್‌ಗೆ ಸ್ಟಾಪ್ ಕಮಾಂಡ್ ಕೆಲಸ ಮಾಡಲ್ಲ ಅನ್ನೋ ಹಳೇ ತಲೆನೋವೂ ಅದ್ರಲ್ಲೇ ಹೋಯ್ತು.

ಆಮೇಲೆ ಎಲ್ಲಾ ಸರ್ವಿಸನ್ನೂ ಒಂದೊಂದಾಗಿ ರೀಸ್ಟಾರ್ಟ್ ಮಾಡಿ ಔಟ್‌ಪುಟ್ಟನ್ನ ಪೈಪಲ್ಲಿ, ಬಂದಿದ್ದನ್ನ ಹಾಗೇ ತೋರಿಸೋ ಕ್ಯಾಟ್‌ಗೆ ಕೊಟ್ಟು ನೋಡ್ದೆ, ಪ್ರಾಂಪ್ಟ್ ತಕ್ಷಣ ವಾಪಸ್ ಬಂದ್ರೆ ಪಾಸ್. ಯುಪಿಎಸ್ ನೋಡ್ಕೊಳ್ಳೋ ಸಣ್ಣ ಸ್ಕ್ರಿಪ್ಟು ಸಿಕ್ಕಾಕ್ಕೊಂಡ್ತು, ಅದೂ ಭಾವಂದೇ, ಅದಕ್ಕೂ ಡೇಮನ್ ಹಾಕಿ ಆಯ್ತು.