1.43 ಲಕ್ಷ ಓಡಿದ ಐ10: ಯಾವ ಪಾರ್ಟ್ ಹೊಸದು, ಯಾವುದು ಹಳೇದೇ ಇರಲಿ

ಕಾರು 2011ರ ಹ್ಯುಂಡೈ ಐ10, 1.1 ಪೆಟ್ರೋಲ್, ಕೆಎ-05. ಮೀಟರಿನಲ್ಲಿ 1,43,000 ಚಿಲ್ಲರೆ. ಆರ್‌ಸಿಯಲ್ಲಿ ನಾನು ಮೂರನೇ ಓನರ್. ಸರ್ವಿಸ್ ಬುಕ್ ಮೊದಲ ಕೆಲವು ವರ್ಷ ನೀಟಾಗಿದೆ, ಆಮೇಲೆ ಬರೀ ಖಾಲಿ ಹಾಳೆ. ತಳದಲ್ಲಿ ತುಕ್ಕು ಇಲ್ಲವೇ ಇಲ್ಲ ಅನ್ನಬಹುದು. ಅದೊಂದು ಬೆಂಗಳೂರು ಗಾಡಿಯ ಲಾಭ. ಇದೇ ಕಾರು ಮಂಗಳೂರಲ್ಲಿ ಓಡಿದ್ದರೆ ಮೊದಲು ಜಾಕ್ ಹಾಕಿ ತಳ ನೋಡಿ, ಆಮೇಲೆ ರೇಟ್ ಮಾತಾಡುತ್ತಿದ್ದೆ.

2026ಕ್ಕೆ ಹದಿನೈದು ವರ್ಷ ತುಂಬುತ್ತದೆ. ಆಗ ಗಾಡಿ ತೋರಿಸಿ ಆರ್‌ಸಿ ರಿನೀವಲ್ ಮಾಡಿಸಬೇಕು, ಕಾರಿಗೆ ಫೀಸೇ 5,000 ರೂಪಾಯಿ, ಹಸಿರು ತೆರಿಗೆ ಬೇರೆ. ಪಾಸಾದರೆ ಇನ್ನೈದು ವರ್ಷ ಸಿಗುತ್ತದೆ. ಹಾಗಾಗಿ ನನ್ನ ಪ್ರಶ್ನೆ ಇಷ್ಟೇ: ಈ ಐದು ವರ್ಷಕ್ಕೆ ಏನೇನು ಬೇಕು? ಬನಶಂಕರಿ ಕಡೆ ಒಂದು ಗ್ಯಾರೇಜಿನಲ್ಲಿ ಕೇಳಿದ್ದಕ್ಕೆ ಉದ್ದದ ಪಟ್ಟಿ ಬಂತು. ಕ್ಲಚ್, ನಾಲ್ಕೂ ಶಾಕ್ ಅಬ್ಸಾರ್ಬರ್, ಎರಡೂ ಲೋಯರ್ ಆರ್ಮ್, ಎಂಜಿನ್ ಕೂರಿಸೋ ರಬ್ಬರ್ ಮೌಂಟ್, ರೇಡಿಯೇಟರ್, ಹೀಗೆ. ಅಷ್ಟೂ ಮಾಡಿಸಿದರೆ ಕಾರಿನ ಬೆಲೆ ಹತ್ತಿರ ಹತ್ತಿರ ಹೋಗುತ್ತದೆ. ತಮಾಷೆ ಏನು ಅಂದರೆ, ಆ ಪಟ್ಟಿಯಲ್ಲಿ ಟೈಮಿಂಗ್ ಬೆಲ್ಟೇ ಇರಲಿಲ್ಲ.

ಪಟ್ಟಿ ಪಕ್ಕಕ್ಕಿಟ್ಟು ಮೊದಲು ಒಂದು ಲೆಕ್ಕ ಹಾಕಿದೆ. ನಮ್ಮ ಟ್ರಾಫಿಕ್ಕಲ್ಲಿ ಹತ್ತು ಕಿಲೋಮೀಟರಿಗೆ ಅರ್ಧ ಗಂಟೆ ಮಾಮೂಲು, ಅಲ್ವಾ? ಅಂದರೆ ಗಂಟೆಗೆ ಇಪ್ಪತ್ತು. ಆ ಲೆಕ್ಕದಲ್ಲಿ 1,40,000 ಕಿಲೋಮೀಟರ್ ಅಂದರೆ ಎಂಜಿನ್ ಸುಮಾರು 7,000 ಗಂಟೆ ಓಡಿದೆ. ಅಷ್ಟೇ ದೂರ ತುಮಕೂರು ರೋಡಲ್ಲಿ ಎಪ್ಪತ್ತರಲ್ಲಿ ಹೋಗಿದ್ದರೆ 2,000 ಗಂಟೆ. ಎಂಜಿನ್ ಮೌಂಟ್, ರೇಡಿಯೇಟರ್ ಫ್ಯಾನ್ ಇವಕ್ಕೆಲ್ಲ ಗಂಟೆಯೇ ಲೆಕ್ಕ, ಕ್ಲಚ್ಚಿಗೆ ಎಷ್ಟು ಸಲ ತುಳಿದೆವು ಅನ್ನೋದು ಲೆಕ್ಕ, ಕಿಲೋಮೀಟರ್ ಅಲ್ಲ. ವೀಲ್ ಬೇರಿಂಗ್ ಬೇರೆ, ಅದು ಚಕ್ರ ತಿರುಗಿದಷ್ಟೇ ಸವೆಯೋದು. ರಬ್ಬರಿನದು ಇನ್ನೊಂದು ಕಥೆ. ಗಾಡಿ ನಿಂತಲ್ಲೇ ನಿಂತಿದ್ದರೂ ಅದಕ್ಕೆ ವಯಸ್ಸಾಗುತ್ತದೆ.

ದುಡ್ಡು ಸುರಿಯುವ ಮುಂಚೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಚೆಕ್ ಮಾಡಿಸಿದೆ. ನಾಲ್ಕೂ ಸಿಲಿಂಡರ್ ಹೆಚ್ಚುಕಮ್ಮಿ ಒಂದೇ ಸಮ ಬಂತು. ಆಯಿಲ್ ಕ್ಯಾಪಿನ ಒಳಗೆ ಕೆನೆ ಥರದ್ದೇನೂ ಇಲ್ಲ, ಅಂದರೆ ಆಯಿಲಿಗೆ ಕೂಲೆಂಟ್ ಸೇರಿಲ್ಲ. ಇವೆರಡರಲ್ಲಿ ಒಂದು ಕೈಕೊಟ್ಟಿದ್ದರೂ ಮುಂದಿನ ಯಾವ ಕೆಲಸಕ್ಕೂ ಕೈ ಹಾಕುತ್ತಿರಲಿಲ್ಲ.

ಇನ್ನು ಪ್ರತಿ ಪಾರ್ಟಿಗೂ ನಾನು ಕೇಳಿದ್ದು ಒಂದೇ ಮಾತು. ಇದು ಹೋದರೆ ಜೊತೆಗೆ ಇನ್ನೇನನ್ನು ಎಳ್ಕೊಂಡು ಹೋಗುತ್ತದೆ?

ಹಾಗೆ ನೋಡಿದರೆ ಟೈಮಿಂಗ್ ಬೆಲ್ಟೇ ಮೊದಲು, ಅದರಲ್ಲಿ ಚರ್ಚೆಯೇ ಇಲ್ಲ. ಇದೇ ಐ10ನ 1.2 ಕಪ್ಪಾ ಎಂಜಿನ್ನಿಗೆ ಚೈನ್ ಇದೆ, 1.1ಕ್ಕೆ ಬೆಲ್ಟ್. ಓಡುವಾಗ ಬೆಲ್ಟ್ ಕಟ್ಟಾದರೆ ವಾಲ್ವ್ ತೆರೆದು ಮುಚ್ಚೋ ಕ್ಯಾಮ್‌ಶಾಫ್ಟ್ ನಿಂತುಬಿಡುತ್ತದೆ, ಪಿಸ್ಟನ್‌ಗೆ ಜೋಡಿಸಿದ ಕ್ರ್ಯಾಂಕ್ ಮಾತ್ರ ತಿರುಗುತ್ತಲೇ ಇರುತ್ತದೆ, ಮೇಲೆ ಬಂದ ಪಿಸ್ಟನ್ ತೆರೆದೇ ಉಳಿದ ವಾಲ್ವಿಗೆ ಹೊಡೆಯುತ್ತದೆ. ವಾಲ್ವ್ ಬೆಂಡ್, ಆಮೇಲೆ ಹೆಡ್ ಬಿಚ್ಚೋದೇ ಗತಿ. ಮುಂಚೆ ಸದ್ದು ಮಾಡಿ ಎಚ್ಚರಿಸುತ್ತದೆ ಅನ್ನೋ ಗ್ಯಾರಂಟಿಯೂ ಇಲ್ಲ. ಮೇಲಿನ ಕವರ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಬೆಲ್ಟಿನ ಬೆನ್ನಿನ ಮೇಲಿನ ಅಕ್ಷರ ಪೂರ್ತಿ ಅಳಿಸಿದೆ. ಬೆರಳಲ್ಲಿ ಸ್ವಲ್ಪ ಮಡಚಿದರೆ ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಒಂದು ಅಂಚಿನಲ್ಲಿ ದಾರ ಎದ್ದಿದೆ. ಕ್ಯಾಮ್ ಆಯಿಲ್ ಸೀಲ್ ಸುತ್ತ ಧೂಳೂ ಆಯಿಲೂ ಸೇರಿ ಕಪ್ಪು ಹಿಟ್ಟಾಗಿದೆ. ಆಯಿಲ್ ತಾಗಿದ ಬೆಲ್ಟ್ ಇನ್ನೂ ಬೇಗ ಹಾಳಾಗುತ್ತದೆ, ಸೀಲ್ ಹಳೇದೇ ಬಿಟ್ಟು ಹೊಸ ಬೆಲ್ಟ್ ಹಾಕಿದರೆ ಅದಕ್ಕೂ ಅದೇ ಗತಿ. ಅದಕ್ಕೇ ಬೆಲ್ಟ್, ಅದನ್ನು ಬಿಗಿ ಹಿಡಿಯೋ ಟೆನ್ಷನರ್, ಕ್ಯಾಮ್ ಸೀಲ್, ಮುಂದಿನ ಕ್ರ್ಯಾಂಕ್ ಸೀಲ್ ಎಲ್ಲಾ ಒಟ್ಟಿಗೆ. ಹಳೇ ಟೆನ್ಷನರ್ ಕೈಯಲ್ಲಿ ತಿರುಗಿಸಿದರೆ ಗ್ರೀಸ್ ಒಣಗಿ ಗರಗರ ಅಂತಿತ್ತು. ವಾಟರ್ ಪಂಪಿನ ಕೆಳಗೆ ಕೂಲೆಂಟ್ ಇಳಿದು ಒಣಗಿದ ಕಲೆ ಕಂಡಿತು. ಹೇಗೂ ಅದರ ಪುಲ್ಲಿ ಬಿಚ್ಚಬೇಕಿತ್ತು, ಆ ಪಂಪನ್ನೂ ಬದಲಿಸಿದೆ.

ಪಾರ್ಟ್ಸ್ ತಂದಿದ್ದು ಜೆಸಿ ರೋಡಿನಿಂದ. ಆರ್‌ಸಿಯ ಫೋಟೋ ಫೋನಲ್ಲಿ ಇಟ್ಟುಕೊಂಡೇ ಹೋಗಿ. ಸುಮ್ನೆ "ಐ10 ಬೆಲ್ಟ್ ಕೊಡಿ" ಅಂದರೆ ಆಗಲ್ಲ. ಒಂದೇ ವರ್ಷ 1.1, 1.2 ಎರಡೂ ಮಾರಾಟದಲ್ಲಿದ್ದವು, ಚಾಸಿ ನಂಬರ್ ಹಾಕಿ ಪಾರ್ಟ್ ನಂಬರ್ ತೆಗೆಸಿದರೆ ಆ ತಲೆನೋವೇ ಇಲ್ಲ. ಬೆಲ್ಟ್, ಸೀಲ್, ಪಂಪ್ ಹ್ಯುಂಡೈನ ಒರಿಜಿನಲ್ ಪಾರ್ಟ್ ಬ್ರ್ಯಾಂಡ್ ಆದ ಮೋಬಿಸ್‌ದೇ ತಗೊಂಡೆ, ಇವುಗಳಲ್ಲಿ ಚೌಕಾಸಿ ಬೇಡ. ವೈಪರ್, ಫಿಲ್ಟರ್ ಥರದ್ದಕ್ಕೆ ಬೇರೆ ಒಳ್ಳೇ ಕಂಪನಿಯದಾದರೂ ನಡೆಯುತ್ತದೆ. ಬೆಲ್ಟ್ ಹಾಕಿದ ಮೇಲೆ ಮೆಕ್ಯಾನಿಕ್ ಸ್ಟಾರ್ಟರ್ ಮುಟ್ಟಲಿಲ್ಲ. ಕ್ರ್ಯಾಂಕನ್ನು ಪಾನಾದಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ ಮಾರ್ಕುಗಳು ಮತ್ತೆ ಕೂಡುತ್ತವಾ ನೋಡಿ, ಆಮೇಲೆ "ಕೀ ತಿರುಗ್ಸಿ ಸಾರ್" ಅಂದರು. ಇಷ್ಟು ತಾಳ್ಮೆ ಇರೋರ ಹತ್ತಿರ ಮಾತ್ರ ಈ ಕೆಲಸ ಮಾಡಿಸಿ.

ಎರಡನೇದು ಆಕ್ಸಲ್ ಬೂಟ್, ಅಂದರೆ ಚಕ್ರ ತಿರುಗಿಸೋ ಆಕ್ಸಲಿನ ಜಾಯಿಂಟ್ ಮೇಲಿನ ರಬ್ಬರ್ ಹೊದಿಕೆ. ಎಡಗಡೆ ಹೊರಗಿನ ಬೂಟಿನ ಮಡಿಕೆಯಲ್ಲಿ ಸೀಳು, ಚಕ್ರದ ಒಳಮೈಗೆ ಗ್ರೀಸ್ ಅರ್ಧಚಂದ್ರದ ಹಾಗೆ ಸಿಡಿದಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಖಾಲಿ ಜಾಗದಲ್ಲಿ ಸುತ್ತು ಹೊಡೆದೆ, ಕಟಕಟ ಸದ್ದು ಬರಲಿಲ್ಲ. ಅಂದರೆ ಜಾಯಿಂಟ್ ಇನ್ನೂ ಚೆನ್ನಾಗಿದೆ. ಈಗ ಬೂಟ್ ಹಾಕಿ ಗ್ರೀಸ್ ತುಂಬಿಸಿದರೆ ಕಮ್ಮಿಯಲ್ಲಿ ಮುಗಿಯಿತು. ಒಂದು ಮಳೆಗಾಲ ಹಾಗೇ ಬಿಟ್ಟರೆ ನೀರು, ಮಣ್ಣು ಒಳಗೆ ಹೋಗಿ ಜಾಯಿಂಟೇ ಬದಲಿಸಬೇಕಾಗುತ್ತದೆ.

ಬ್ರೇಕು, ಟೈರಿನ ಬಗ್ಗೆ ಜಾಸ್ತಿ ಯೋಚಿಸೋದೇನಿಲ್ಲ. ಮುಂದಿನ ಪ್ಯಾಡ್ ಹೊಸದು. ಡಿಸ್ಕ್ ದಪ್ಪ ಅಳೆದರೆ ಮಿನಿಮಮ್‌ಗಿಂತ ಮೇಲಿದೆ, ಹಾಗೇ ಇರಲಿ. ಬ್ರೇಕ್ ಆಯಿಲ್ ಟೀ ಬಣ್ಣಕ್ಕೆ ತಿರುಗಿತ್ತು, ಪೂರ್ತಿ ತೆಗೆಸಿ ಹೊಸದು ತುಂಬಿಸಿದೆ. ಅದು ಗಾಳಿಯಲ್ಲಿರೋ ತೇವ ಹೀರುತ್ತದೆ, ನಂದಿ ಬೆಟ್ಟ ಇಳಿಯುವಾಗ ಬ್ರೇಕ್ ಕಾದು ಆ ನೀರು ಆವಿಯಾದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಟೈರಿನ ಮೇಲ್ಮೈ ಬಟನ್ ಇನ್ನೂ ಸವೆದಿರಲಿಲ್ಲ, ಆದರೆ ಪಕ್ಕದಲ್ಲಿ 2217 ಅಂತ ಅಚ್ಚಿದೆ, ಅಂದರೆ 2017ರ 22ನೇ ವಾರದ್ದು. ಗೋಡೆಯಲ್ಲಿ ಸಣ್ಣ ಬಿರುಕು. ನಾಲ್ಕೂ ಹೋಗಲಿ.

ಕೂಲಿಂಗ್ ಬಗ್ಗೆ ನನಗೆ ಸ್ವಲ್ಪ ಭಯ ಇತ್ತು. ರೇಡಿಯೇಟರ್ ಕ್ಯಾಪ್ ತೆಗೆದರೆ ಇಟ್ಟಿಗೆ ಬಣ್ಣದ ನೀರು. ಯಾರೋ ವರ್ಷಗಟ್ಟಲೆ ಬರೀ ನೀರು ಹಾಕಿದ್ದಾರೆ, ಅದೂ ಬೋರ್‌ವೆಲ್ ನೀರಾಗಿದ್ದರೆ ಒಳಗೆಲ್ಲ ಉಪ್ಪು ಕಟ್ಟಿರುತ್ತದೆ. ಹೈವೇಯಲ್ಲಿ ಎದುರು ಗಾಳಿ ಕಾಪಾಡುತ್ತದೆ, ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಫ್ಯಾನ್ ಒಂದೇ ದಿಕ್ಕು. ಎಂಜಿನ್ ಆನ್ ಇಟ್ಟು ಕಾದೆ, ಫ್ಯಾನ್ ಸರಿಯಾಗಿ ಆನ್ ಆಫ್ ಆಗುತ್ತಿದೆ. ಸೋರಿಕೆಯೂ ಇಲ್ಲ. ಹಾಗಾಗಿ ರೇಡಿಯೇಟರ್ ಬೇಡ ಅಂದೆ. ಫ್ಲಶ್ ಮಾಡಿಸಿ ಥರ್ಮೋಸ್ಟಾಟ್, ಹೋಸ್, ಕ್ಯಾಪ್ ಬದಲಿಸಿ, ಡಿಸ್ಟಿಲ್ಡ್ ವಾಟರ್ ಜೊತೆ ಕೂಲೆಂಟ್ ತುಂಬಿಸಿದೆ.

ಸಸ್ಪೆನ್ಷನ್ ಪಟ್ಟಿಯಲ್ಲಿ ಹೆಚ್ಚಿನದ್ದನ್ನು ಹೊಡೆದುಹಾಕಿದೆ. ಹಂಪ್ ಮೇಲೆ ಟಕ್ ಟಕ್ ಅನ್ನುತ್ತಿದ್ದದ್ದು ಲಿಂಕ್ ರಾಡ್, ಅದಷ್ಟೇ ಬದಲಾಯಿತು. ಲೋಯರ್ ಆರ್ಮಿಗೆ ರಾಡ್ ಕೊಟ್ಟು ಮೀಟಿ ನೋಡಿದೆವು, ಬುಷ್ ಗಟ್ಟಿ ಇದೆ, ಬಾಲ್ ಜಾಯಿಂಟಲ್ಲಿ ಆಟ ಇಲ್ಲ. ಶಾಕ್ ಅಬ್ಸಾರ್ಬರ್ ಲೀಕ್ ಇಲ್ಲ.

ಕ್ಲಚ್ ವಿಷಯದಲ್ಲಿ ಮಾತ್ರ ನನಗೂ ಮೆಕ್ಯಾನಿಕ್‌ಗೂ ಇನ್ನೂ ಒಪ್ಪಂದ ಆಗಿಲ್ಲ. ಪೆಡಲ್ ಗಟ್ಟಿಯಾಗಿದೆ, ತುಂಬಾ ಮೇಲೆ ಬಂದ ಮೇಲೆ ಹಿಡಿಯುತ್ತದೆ, ಅದು ನಿಜ. ಆದರೆ ಖಾಲಿ ರೋಡಲ್ಲಿ ನಾಲ್ಕನೇ ಗೇರ್ ಹಾಕಿ ನಿಧಾನದಿಂದ ಒಮ್ಮೆಲೆ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಸದ್ದು ಒಂಟಿಯಾಗಿ ಏರಲ್ಲ, ಗಾಡಿಯೂ ಜೊತೆಗೇ ಏರುತ್ತದೆ. ಸ್ಲಿಪ್ ಇಲ್ಲ. ಹೋಗುವಾಗ ಅದು ಹೇಳಿಯೇ ಹೋಗುತ್ತದೆ, ಸರಿಯಾದ ಸಮಯಕ್ಕೆ ಬದಲಿಸಿದರೆ ಬೇರೆ ಏನನ್ನೂ ಹಾಳು ಮಾಡಲ್ಲ. "ಇವತ್ತಲ್ಲ ನಾಳೆ ಮಾಡಿಸ್ಲೇಬೇಕಲ್ಲ ಸಾರ್" ಅಂತಾರೆ ಅವರು. ನಾಳೆಯೇ ಮಾಡಿಸೋಣ ಅಂದೆ. ಗೇರ್‌ಬಾಕ್ಸ್ ಇಳಿಸಿದ ದಿನ ಡಿಸ್ಕ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಹಿಂದಿನ ಕ್ರ್ಯಾಂಕ್ ಸೀಲ್ ನಾಲ್ಕೂ ಒಂದೇ ಕೂಲಿಯಲ್ಲಿ ಆಗಲಿ.

ಎಸಿ ತಣ್ಣಗಿದೆ, ಪೇಂಟ್ ಗೀರು ಇರಲಿ, ಸ್ಪೀಕರ್ ಒಂದು ಕೆಲಸ ಮಾಡಲ್ಲ, ಅದೂ ಇರಲಿ. ಬಾಕಿ ಇರೋದು ಹಿಂದಿನ ಡ್ರಮ್ ಬಿಚ್ಚಿ ವೀಲ್ ಸಿಲಿಂಡರ್ ನೋಡೋದು ಮತ್ತು ಎಂಜಿನ್ ಮೌಂಟ್. ಎಸಿ ಹಾಕಿ ಸಿಗ್ನಲ್ಲಲ್ಲಿ ನಿಂತಾಗ ಸ್ಟೀರಿಂಗ್ ನಡುಗುತ್ತದೆ. ಮೌಂಟೇ ಕಾರಣ ಅನ್ನೋ ಮುಂಚೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ, ಪ್ಲಗ್ ಬದಲಿಸಿ ನೋಡುತ್ತೇನೆ. ಐಡ್ಲಿಂಗ್ ಸರಿಹೋದರೆ ಮೌಂಟಿನ ದುಡ್ಡು ಉಳಿಯಿತು.