ಹೊಡೆ ತುಂಬಿದ ಗದ್ದೆಗೆ ಬಯಕೆ ಊಟ

ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಒಲೆ ಆರುವುದಿಲ್ಲ. ಅಮ್ಮ ಕೂರುವುದಿಲ್ಲ. ಮಕ್ಕಳು ಚಾಪೆಯ ಮೇಲೆ ಬಿದ್ದುಕೊಂಡಿರುತ್ತಾರೆ, ಆದರೆ ಕಡುಬಿನ ಹಬೆಯ ಪರಿಮಳ ಬಂದಾಗಲೆಲ್ಲ ಒಂದೊಂದು ತಲೆ ಮೇಲೇಳುತ್ತದೆ. "ಮುಟ್ಟಬೇಡಿ, ಮೊದಲು ಅವಳು ಉಣ್ಣಲಿ" ಅನ್ನುತ್ತಾಳೆ ಅಮ್ಮ. ಅವಳು ಅಂದರೆ ಭೂಮಿತಾಯಿ.

ನಮ್ಮೂರು ಸಾಗರ ತಾಲ್ಲೂಕಿನಲ್ಲಿ, ವರದಾ ಹೊಳೆಯ ಬಯಲಿನಲ್ಲಿ. ನಾನು ಬೆಂಗಳೂರು ಸೇರಿ ತುಂಬ ವರ್ಷವಾಯಿತು. ಬೇರೆ ಹಬ್ಬಗಳಿಗೆ ಹೋಗಲು ಆಗದಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತೇನೆ. ಸೀಗೆ ಹುಣ್ಣಿಮೆ ಅಂತಲೂ ಕರೆಯುವ ಈ ಭೂಮಿ ಹುಣ್ಣಿಮೆಗೆ ಮಾತ್ರ ಮಕ್ಕಳನ್ನು ಕರೆದುಕೊಂಡು ತಾಳಗುಪ್ಪದ ರೈಲು ಹತ್ತಲೇಬೇಕು.

ಆಶ್ವೀಜದ ಈ ಹುಣ್ಣಿಮೆಯ ಹೊತ್ತಿಗೆ ಮಲೆನಾಡಿನ ಗದ್ದೆಗಳಲ್ಲಿ ಭತ್ತ ಹೊಡೆ ತುಂಬಿಕೊಂಡಿರುತ್ತದೆ. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ. ದಂಟು ಮಾತ್ರ ಮೆಲ್ಲಗೆ ಉಬ್ಬಿರುತ್ತದೆ. ಬೆರಳಲ್ಲಿ ಹಿಡಿದು ನೋಡಿದರೆ ಒಳಗೆ ಏನೋ ಇದೆ ಅಂತ ಗೊತ್ತಾಗುತ್ತದೆ. ಅದಕ್ಕೇ ನಮ್ಮ ಕಡೆಯವರಿಗೆ ಭೂಮಿ ಈಗ ಬಸುರಿ. ಬಸುರಿಯ ಬಯಕೆ ತೀರಿಸಬೇಕು, ಅಲ್ವಾ? ಆ ಬಯಕೆ ಊಟವೇ ಈ ಹಬ್ಬ.

ದಸರಾ ಮುಗಿದ ಮೇಲೆ ಬುಟ್ಟಿಯ ಕೆಲಸ ಶುರು. ಬಿದಿರಿನ ಎರಡು ಬುಟ್ಟಿ, ಒಂದು ದೊಡ್ಡದು, ಒಂದು ಚಿಕ್ಕದು. ಭೂಮಣ್ಣಿ ಬುಟ್ಟಿ ಅನ್ನುತ್ತೇವೆ. ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ ಒಣಗಿಸಬೇಕು. ಆಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಗೆರೆ ಎಳೆಯಬೇಕು. ಮಲೆನಾಡಿನ ದೀವರ ಸಮುದಾಯದವರು ಮನೆಗೋಡೆಗಳ ಮೇಲೆ ಬರೆಯುವ ಹಸೆ ಚಿತ್ತಾರ ಇದೇ ಕೈಗಳಲ್ಲಿ ಉಳಿದುಕೊಂಡು ಬಂದದ್ದು. ಅಮ್ಮನ ಕೈ ಈಗ ಸ್ವಲ್ಪ ನಡುಗುತ್ತದೆ. ಆದರೂ ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಾಳೆ, ಗೆರೆ ನೆಟ್ಟಗೆ ಹೋಗುತ್ತದೆ. ಹೋದ ವರ್ಷ ಚಿಕ್ಕ ಬುಟ್ಟಿಯ ಮೇಲೆ ಭತ್ತದ ಸಸಿಗಳನ್ನು ಬರೆದವಳು ನನ್ನ ಮಗಳು. ಹಬ್ಬಕ್ಕೆ ನಾಲ್ಕು ದಿನ ಮೊದಲೇ ಅವಳನ್ನು ಊರಿಗೆ ಬಿಟ್ಟಿದ್ದೆ. ಹತ್ತನೇ ಕ್ಲಾಸಿನ ಹುಡುಗಿ, ಟ್ಯೂಷನ್ ತಪ್ಪಿಸಿ ಕಳಿಸಬೇಕಾ ಅಂತ ನನ್ನೊಳಗೆ ದೊಡ್ಡ ಜಗಳವೇ ನಡೆದಿತ್ತು. ಅದನ್ನು ಮುಚ್ಚಿಡುವುದಿಲ್ಲ. ಆ ವರ್ಷ ಮನೆಯಲ್ಲಿ ನಾನು ಅವಳ ಜೊತೆ ಆಡಿದ ಮಾತುಗಳಲ್ಲಿ ಮುಕ್ಕಾಲು ಪಾಲು ಮಾರ್ಕ್ಸಿನದೇ.

ಚಿಕ್ಕ ಬುಟ್ಟಿಗೆ ಹಚ್ಚಂಬಲಿ ತುಂಬುತ್ತೇವೆ. ನೂರೊಂದು ಕುಡಿ ಸೇರಿಸಬೇಕು ಅನ್ನುವುದು ಮಾತು. ಅಮ್ಮ ಲೆಕ್ಕ ಇಡುವುದಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ತರುತ್ತಾಳೆ. ಕೆಸು, ಬಸಳೆ, ಒಂದೆಲಗ, ನುಗ್ಗೆ, ಕುಂಬಳದ ಕುಡಿ, ಬೇಲಿಯ ಹೀರೆ, ಹಾಗಲ. ನನಗೆ ಹೆಸರೇ ಗೊತ್ತಿಲ್ಲದ ಇನ್ನೆಷ್ಟೋ. ಬೇಯಿಸಿ, ಅನ್ನದ ಜೊತೆ ಬೆರೆಸುತ್ತಾಳೆ. ರುಚಿ ನೋಡುವ ಹಾಗಿಲ್ಲ.

ಬೆಳಕು ಹರಿಯುವ ಮೊದಲೇ ಅದನ್ನು ಗದ್ದೆಗೆ ಬೀರಬೇಕು. ಹಿಂದೆ ದೊಂದಿ ಹಿಡಿಯುತ್ತಿದ್ದರು, ಈಗ ಟಾರ್ಚು. ಹೋದ ವರ್ಷ ಅಪ್ಪ ಬುಟ್ಟಿ ತಲೆ ಮೇಲಿಟ್ಟುಕೊಂಡು ಮುಂದೆ ನಡೆದರು. ಹಿಂದೆ ಟಾರ್ಚ್ ಹಿಡಿದ ಮಗಳು, ಅವಳ ಹಿಂದೆ ನಾನು. ಎಲ್ಲರೂ ಬರಿಗಾಲು. ಗದ್ದೆಯ ಅಂಚು ಒಂದು ಪಾದದಷ್ಟು ಅಗಲ. ಇಬ್ಬನಿ ಬಿದ್ದು ಜಾರುತ್ತಿತ್ತು. ಮಗಳು ಎರಡು ಸಲ ಕೆಸರಿಗೆ ಕಾಲಿಟ್ಟಳು. ಅಪ್ಪ ತಿರುಗಲಿಲ್ಲ, ನಡೆಯುತ್ತಲೇ ಹೇಳಿದರು: "ಕಾಲು ನೋಡ್ಕೋತಾ ನಡೀಬೇಡ ಪುಟ್ಟಿ. ಬಿಗಿ ಬಿಡು. ಹೆಬ್ಬೆರಳು ಒತ್ತಿ ನಿಧಾನ ಬಾ." ಆಮೇಲೆ ಅವಳು ಬೀಳಲಿಲ್ಲ. ನಾನೂ ಅದೇ ಅಂಚಿನ ಮೇಲೆ ನಡೆಯಲು ಕಲಿತವಳು. ಆದರೆ ಆ ಹೊತ್ತಿನಲ್ಲಿ ನನ್ನ ಹೆಗಲು ಕಲ್ಲಿನ ಹಾಗೆ ಗಟ್ಟಿಯಾಗಿದ್ದದ್ದು ಗೊತ್ತಾಯಿತು. ಎಷ್ಟು ತಿಂಗಳಿಂದ ಹಾಗಿತ್ತೋ.

ಅಪ್ಪ ಹಚ್ಚಂಬಲಿ ಬೀರುತ್ತಾ ಕೂಗಿದರು. ಹಚ್ಚಂಬಲಿ, ಹಾಲಂಬಲಿ, ಬೇಲಿ ಮೇಲಿನ ದಾರ ಹೀರೇಕಾಯಿ, ಭೂಮಿತಾಯಿ ಉಂಡು ಹೋಗಲಿ, ಹೂ... ಊರಿಂದ ಊರಿಗೆ ಈ ಮಾತು ಸ್ವಲ್ಪ ಬದಲಾಗುತ್ತದೆ. ಆಚೆ ಬಯಲಿನಿಂದ ಇನ್ಯಾರೋ "ಹೂ" ಅಂದರು. ಕತ್ತಲಲ್ಲಿ ಆ ದನಿ ಕೇಳಿದಾಗ ಪ್ರತಿ ವರ್ಷ ನನ್ನ ಕಣ್ಣು ತುಂಬುತ್ತದೆ.

ಹೊಳೆ ಕಡೆಯ ತಗ್ಗಿನ ಗದ್ದೆಗೆ ಬಂದಾಗ 2019 ನೆನಪಾಯಿತು. ಆ ಆಗಸ್ಟಿನ ಮಳೆಗೆ ವರದೆ ಉಕ್ಕಿ, ನೆಟ್ಟ ಸಸಿಯೆಲ್ಲ ನೀರಿನಡಿ ಕೊಳೆತುಹೋಗಿತ್ತು. ಅಕ್ಟೋಬರಿನಲ್ಲಿ ಹಬ್ಬ ಬಂತು. ಅಪ್ಪ ಮೇಲಿನ ಗದ್ದೆಗೆ ಬೀರಿ, ಸೀದಾ ಅಲ್ಲಿಗೆ ಇಳಿದರು. ಬರೀ ಕೆಸರು, ಹುಲ್ಲು. "ಇಲ್ಲೇನಿದೆ ಅಪ್ಪ?" ಅಂತ ಕೇಳಿದ್ದೆ. "ಮಣ್ಣಿದ್ಯಲ್ಲೇ" ಅಂದರು. ಬೇರೆ ಗದ್ದೆಗೆ ಬೀರಿದಷ್ಟೇ ಅಲ್ಲಿಗೂ ಬೀರಿದರು, ಅಷ್ಟೇ ಜೋರಾಗಿ ಕೂಗಿದರು. ಆ ವರ್ಷ ಮನೆಯ ಊಟಕ್ಕೂ ಅಕ್ಕಿ ಸಾಲದೆ ಕೊಂಡು ತಂದಿದ್ದರು ಅಂತ ನನಗೆ ಗೊತ್ತಾದದ್ದು ಆಮೇಲೆ.

ಬಿಸಿಲು ಬಂದ ಮೇಲೆ ದೊಡ್ಡ ಬುಟ್ಟಿಯ ಜೊತೆ ಎಲ್ಲರೂ ಹೊರಟೆವು. ಈ ಪೂಜೆಗೆ ಭಟ್ಟರು ಬರುವುದಿಲ್ಲ. ಪೈರಿನ ಮುಂದೆ ಬಾಳೆಕಂಬ, ಮಾವಿನ ಎಲೆ ಕಟ್ಟಿ, ಅಮ್ಮ ಅರಿಶಿನ ಕುಂಕುಮ ಇಟ್ಟಳು. ತನ್ನ ಕೊರಳಿನ ಸರ ತೆಗೆದು ಭತ್ತದ ಬುಡಕ್ಕೆ ಹಾಕಿದಳು. ಬಸುರಿ ಮಗಳನ್ನು ಸಿಂಗರಿಸುವ ಹಾಗೆ ಎರಡು ಎಲೆಗಳನ್ನು ಮೆಲ್ಲಗೆ ಸರಿಪಡಿಸಿದಳು. ಕಡುಬು, ಹೋಳಿಗೆ, ಬುತ್ತಿ, ಪಾಯಸ ಎಡೆಗೆ ಬಂತು. ಕಾಗೆಗೆ ಒಂದು ಎಡೆ. ಇಲಿಗೂ ಒಂದು ಪಾಲು ಬದುವಿನ ಮೇಲೆ. ಬೆಳೆ ತಿನ್ನುವ ಇಲಿಗೂ ಹಬ್ಬದ ಊಟ ಇಡುವ ಅಮ್ಮನನ್ನು ನೋಡಿ ನನ್ನ ಚಿಕ್ಕ ಮಗ ಬಾಯಿ ತೆರೆದು ನಿಂತಿದ್ದ.

ಆಗಲೇ ಮಗಳು ಕೇಳಿದ್ದು: "ಅಜ್ಜಿ, ಭತ್ತ ಇನ್ನೂ ಬಂದೇ ಇಲ್ವಲ್ಲ. ಚೆನ್ನಾಗಿ ಬೆಳೆದ ಮೇಲೆ ಪೂಜೆ ಮಾಡಿದ್ರೆ ಆಗಲ್ವಾ?"

ಅಮ್ಮ ಎಲೆ ಹಾಕುತ್ತಾ, ತಲೆ ಎತ್ತದೆ ಹೇಳಿದಳು: "ಬಸುರಿಗೆ ಬಯಕೆ ಊಟ ಹಾಕೋದು ಮಗು ಹುಟ್ಟಿದ ಮೇಲಾ? ಆಗ ಎಲ್ರೂ ಬರ್ತಾರೆ ಬಿಡು. ಈಗ ಅವಳಿಗೆ ಹಸಿವು."

ನಾನು ಸುಮ್ಮನೆ ಕುಳಿತೆ. ಎಲೆಯ ಮೇಲೆ ಅಮಟೆಕಾಯಿ ಗೊಜ್ಜು ಬಿತ್ತು, ಕಡುಬು ಬಿತ್ತು. ಕಾಲೆಲ್ಲ ಕೆಸರು ಮಾಡಿಕೊಂಡು ಎದುರಿಗೆ ಕೂತಿದ್ದ ಮಗಳನ್ನು ನೋಡಿದೆ. ಅವಳು ಬೆಳೆಯುತ್ತಿದ್ದಾಳೆ. ಒಳಗೆ ಏನು ತುಂಬಿಕೊಳ್ಳುತ್ತಿದೆಯೋ ಹೊರಗೆ ಕಾಣುವ ಕಾಲ ಇನ್ನೂ ಬಂದಿಲ್ಲ. ನಾನೋ, ತೆನೆ ಎಲ್ಲಿ, ತೂಕ ಎಷ್ಟು ಅಂತ ದಿನಾ ಕೇಳುತ್ತಿದ್ದೆ. "ಇನ್ನೊಂದು ಕಡುಬು ಹಾಕಲಾ?" ಅಂದೆ. ಅವಳು ಅನುಮಾನದಿಂದ ನನ್ನ ಮುಖ ನೋಡಿದಳು. ಆಮೇಲೆ ಎಲೆ ಮುಂದೆ ತಳ್ಳಿದಳು. ಆ ಅನುಮಾನದ ನೋಟ ನನಗೆ ಚುಚ್ಚಿತು. ಚುಚ್ಚಬೇಕಿತ್ತು.

ಊಟ ಮುಗಿದ ಮೇಲೆ ಯಾರೂ ಏಳಲಿಲ್ಲ. ತಮ್ಮ ಬದುವಿನ ಮೇಲೆ ಒರಗಿದ. ಮಗ ಏಡಿ ಬಿಲ ಹುಡುಕಿಕೊಂಡು ಹೋದ. ನಮ್ಮಲ್ಲಿ ಒಂದು ಕೊಟ್ಟೆ ಕಡುಬನ್ನು ಗದ್ದೆಯಲ್ಲೇ ಹೂತಿಟ್ಟು, ಕೊಯ್ಲಿನ ದಿನ ತೆಗೆಯುವ ರೂಢಿ. ಅಪ್ಪ ಆ ಕೆಲಸ ಮಗಳಿಗೆ ಕೊಟ್ಟರು. ಅವಳು ಮೂಲೆಯೊಂದರಲ್ಲಿ ಕೈಯಿಂದಲೇ ಮಣ್ಣು ತೋಡಿ, ಕಡುಬಿಟ್ಟು ಮುಚ್ಚಿ, ಗುರುತಿಗೆ ಒಂದು ಕಲ್ಲು ನೆಟ್ಟಳು. ಕೈ ಮುಗಿದು ತುಂಬಾ ಹೊತ್ತು ನಿಂತಳು. ಏನು ಕೇಳಿಕೊಂಡೆ ಅಂತ ನಾನು ಕೇಳಲಿಲ್ಲ.

ಕೊಯ್ಲು ಶುರುವಾದ ದಿನ ಸಂಜೆ ಅಪ್ಪನ ಫೋನ್ ಬಂತು. ಅದೇ ದಿನ ಅವಳ ಟೆಸ್ಟಿನ ಮಾರ್ಕ್ಸ್ ಬಂದಿತ್ತು. ಅಷ್ಟೇನೂ ಚೆನ್ನಾಗಿರಲಿಲ್ಲ. ಅವಳು ರೂಮಿನ ಬಾಗಿಲು ಹಾಕಿಕೊಂಡಿದ್ದಳು. ಫೋನ್ ಕೊಟ್ಟೆ. "ಅಜ್ಜ, ಕಡುಬು ಸಿಕ್ತಾ?" ಅಂದಳು.

"ಸಿಕ್ತು ಪುಟ್ಟಿ. ನಿನ್ನ ಕಲ್ಲು ಹಾಗೇ ಇತ್ತು" ಅಂದರು ಅಪ್ಪ. ಆಮೇಲೆ ಕೇಳಿದರು, "ಉಂಡ್ಯಾ?"

"ಇಲ್ಲ ಅಜ್ಜ" ಅಂದಳು. ನಾನು ಎದ್ದು ಹೋಗಿ ಒಲೆ ಹಚ್ಚಿದೆ.